ಮೊದಲು ಕೇಳಿಸಿಕೊಳ್ಳುವವನೇ ಮುಖ್ಯ

ಮೇಲುಕೋಟೆ ವೈರಮುಡಿಗೆ ಹೋದವರಿಗೆ ಗೊತ್ತು, ಆ ಜನಜಂಗುಳಿಯಲ್ಲಿ ಪಕ್ಕದವನ ಪಿಸುಮಾತೂ ಕೇಳಿಸಲ್ಲ. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಆಮೇಲೆ ವಾಲ್ಯೂಮ್ ಜಾಸ್ತಿ ಮಾಡಿದರೆ? ಮಾತಿನ ಜೊತೆ ಗದ್ದಲವೂ ಅಷ್ಟೇ ಜೋರಾಗುತ್ತೆ. ಕ್ವಾಂಟಂ ಕಂಪ್ಯೂಟರ್ ಕಟ್ಟುವವರ ತಲೆನೋವೂ ಇದೇ.

ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಇರುವುದು ಸುಮಾರು 0.01 ಕೆಲ್ವಿನ್ ಚಳಿಯಲ್ಲಿ. ಅದು 0 ಸ್ಥಿತಿಯಲ್ಲಿದೆಯೋ 1ರಲ್ಲಿದೆಯೋ ತಿಳಿಯಲು, ಪಕ್ಕದ ರೆಸೊನೇಟರ್‌ಗೆ ಸುಮಾರು 6 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಕಳಿಸುತ್ತಾರೆ. ವಾಪಸ್ ಬರುವ ಅಲೆಯ ಫೇಸ್‌ನಲ್ಲಿ ಉತ್ತರ ಇರುತ್ತದೆ. ಆದರೆ ರೆಸೊನೇಟರ್‌ನಲ್ಲಿರುವುದು ಬೆರಳೆಣಿಕೆಯಷ್ಟು ಫೋಟಾನ್. ಸಿಗ್ನಲ್ ಜೋರು ಮಾಡಿದರೆ ಕ್ಯೂಬಿಟ್ಟೇ ಕೆಡುತ್ತದೆ. ತುಂಬಾ ಹೊತ್ತು ಕಾದರೆ, ಉತ್ತರ ಸಿಗುವ ಮೊದಲೇ 1 ಇದ್ದದ್ದು 0ಗೆ ಇಳಿದಿರುತ್ತದೆ.

ಇಲ್ಲಿ ನೆರವಿಗೆ ಬರುವುದು ನಾವು ಪರೀಕ್ಷೆಗಷ್ಟೇ ಓದಿ ಮರೆಯುವ ಫ್ರಿಸ್ ಸೂತ್ರ. ಸಾಲಾಗಿ ಜೋಡಿಸಿದ ಆಂಪ್ಲಿಫೈಯರ್‌ಗಳಲ್ಲಿ ಮೊದಲನೆಯದರ ನಾಯ್ಸ್ ಪೂರ್ತಿ ಲೆಕ್ಕಕ್ಕೆ ಬರುತ್ತದೆ. ಎರಡನೆಯದರ ನಾಯ್ಸ್ ಮೊದಲನೆಯದರ ಗೇನ್‌ನಿಂದ ಭಾಗವಾಗುತ್ತದೆ. ಕೆ.ಆರ್.ಪೇಟೆಯ ಸುದ್ದಿ ನಾಗಮಂಗಲ, ಪಾಂಡವಪುರ ದಾಟಿ ಬಾಯಿಂದ ಬಾಯಿಗೆ ಶ್ರೀರಂಗಪಟ್ಟಣ ಮುಟ್ಟಬೇಕು ಅಂದ್ಕೊಳ್ಳಿ. ನಾಗಮಂಗಲದವನು ತಪ್ಪಾಗಿ ಕೇಳಿಸಿಕೊಂಡರೆ, ಮುಂದಿನವರು ಎಷ್ಟು ಜೋರಾಗಿ ಕೂಗಿದರೂ ತಲುಪುವುದು ತಪ್ಪು ಸುದ್ದಿಯೇ.

ಈಗ ಲೆಕ್ಕ ಹಾಕೋಣ. 4 ಕೆಲ್ವಿನ್ ಹಂತದಲ್ಲಿ ಕೂರುವ ಹೆಮ್ಟ್ ಆಂಪ್ಲಿಫೈಯರ್‌ನ ನಾಯ್ಸ್ ಟೆಂಪರೇಚರ್ 3 ಕೆಲ್ವಿನ್ ಎಂದಿಟ್ಟುಕೊಳ್ಳಿ. 6 ಗಿಗಾಹರ್ಟ್ಸ್‌ನ ಒಂದು ಫೋಟಾನ್ ಅಂದರೆ ಸುಮಾರು 0.29 ಕೆಲ್ವಿನ್; ಹತ್ತು ಫೋಟಾನಿನಷ್ಟು ಗದ್ದಲ ಅಲ್ಲೇ ಸೇರಿಹೋಯ್ತು! ಅದಕ್ಕೇ ಕ್ಯೂಬಿಟ್ ಇರುವ ತಳದಲ್ಲೇ ಜೋಸೆಫ್‌ಸನ್ ಪ್ಯಾರಾಮೆಟ್ರಿಕ್ ಆಂಪ್ಲಿಫೈಯರ್ ಇಡುತ್ತಾರೆ. ಅದರ ಗೇನ್ 20 ಡಿಬಿ, ಅಂದರೆ 100 ಪಟ್ಟು, ನಾಯ್ಸ್ 0.3 ಕೆಲ್ವಿನ್ ಎನ್ನೋಣ. ಒಟ್ಟು 0.3 + 3/100 = 0.33 ಕೆಲ್ವಿನ್. ನಾಯ್ಸ್ ಒಂಬತ್ತರಲ್ಲೊಂದು ಪಾಲಾಯಿತು. ಅಷ್ಟೇ ನಿಖರವಾಗಿ ಓದಲು ಬೇಕಾದ ಸಮಯವೂ ಹಾಗೆಯೇ.

ಕೆಲಸ ಮಾಡುವ ರೀತಿ ಉಯ್ಯಾಲೆಯಂತೆ: ಸರಿಯಾದ ಹೊತ್ತಿಗೆ ಕೂತು ಎದ್ದರೆ ಜೀಕು ತಾನೇ ದೊಡ್ಡದಾಗುತ್ತದೆ. ಇಲ್ಲಿ ಪಂಪ್ ಸಿಗ್ನಲ್ ಜೋಸೆಫ್‌ಸನ್ ಜಂಕ್ಷನ್ನಿನ ಇಂಡಕ್ಟೆನ್ಸನ್ನು ಏರಿಳಿಸುತ್ತದೆ. ಶಕ್ತಿ ತಿನ್ನುವ ರೆಸಿಸ್ಟೆನ್ಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಹಾಗಾಗಿ ಅದರ ನಾಯ್ಸೂ ಇಲ್ಲ. ಆದರೂ ಸೊನ್ನೆ ಮಾಡಲಾಗದು: ಸಿಗ್ನಲ್‌ನ ಎರಡೂ ಕ್ವಾಡ್ರೇಚರ್‌ಗಳನ್ನು ಸಮನಾಗಿ ಹಿಗ್ಗಿಸಿದರೆ ಅರ್ಧ ಫೋಟಾನಿನಷ್ಟು ನಾಯ್ಸ್ ಸೇರಲೇಬೇಕೆಂದು 1982ರಲ್ಲಿ ಕಾರ್ಲ್ಟನ್ ಕೇವ್ಸ್ ತೋರಿಸಿದರು.

ರಾಷ್ಟ್ರೀಯ ಕ್ವಾಂಟಂ ಮಿಷನ್‌ಗೆ 2023ರಲ್ಲಿ 6,003.65 ಕೋಟಿ ರೂಪಾಯಿ ಮಂಜೂರಾಗಿದೆ. ಅದರ ಕ್ವಾಂಟಂ ಕಂಪ್ಯೂಟಿಂಗ್ ಕೇಂದ್ರ ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ಕ್ವಾಂಟಂ ಅಂದ್ರೆ ಫಿಸಿಕ್ಸ್‌ನವರ ಪಾಡು ಅಂತ ಸುಮ್ಮನಿರಬೇಡಿ. ಆ ಪಿಸುಮಾತನ್ನು ಮೊದಲು ಕೇಳಿಸಿಕೊಳ್ಳಬೇಕಾದವರು ಇಸಿ ಓದುವ ನಾವೇ.