ಭತ್ತದ ಬೆಂಕಿರೋಗವೂ ಪೈರಿನ ಒಳಗಾವಲೂ

ಘಟ್ಟದ ಬುಡದಲ್ಲಿರುವ ಅಳದಂಗಡಿ ಮೊದಲಾದ ಬೆಳ್ತಂಗಡಿ ತಾಲೂಕಿನ ಗ್ರಾಮಗಳಲ್ಲಿ ಏಣೆಲು ಬೆಳೆಯು ಮಳೆಗಾಲದಲ್ಲಿಯೇ ಬೆಳೆಯತಕ್ಕದ್ದು. ದಿನಗಟ್ಟಲೆ ಮೋಡ ಮುಸುಕಿ, ಎಲೆಗಳ ಮೇಲಣ ತೇವವು ಆರದಿರುವಾಗ ಬೆಂಕಿರೋಗಕ್ಕೆ ಅನುಕೂಲವಾಗುವುದು. ನಡುವೆ ಬೂದಿಬಣ್ಣವೂ ಅಂಚಿನಲ್ಲಿ ಕಂದುಬಣ್ಣವೂ ಉಳ್ಳ, ಕಣ್ಣಿನ ಆಕಾರದ ಮಚ್ಚೆಗಳು ಎಲೆಯ ಮೇಲೆ ಕಾಣುವುದೇ ಇದರ ಗುರುತು. ತೆನೆಯ ಕುತ್ತಿಗೆಗೆ ರೋಗವು ತಗಲಿದರೆ ತೆನೆಯು ಬಿಳಿಚಿ ಜೊಳ್ಳಾಗುವುದು. ಬೆಳೆಗಾರನ ದುಡಿಮೆಯು ವ್ಯರ್ಥವಾಗುವುದು.

ಈ ರೋಗಕ್ಕೆ ಕಾರಣವು ಗಾಳಿಯಲ್ಲಿ ಹರಡುವ ಒಂದು ಬಗೆಯ ಬೂಷ್ಟು. ಒಂದೇ ಬೈಲಿನಲ್ಲಿ ಒಬ್ಬನ ಗದ್ದೆಯು ಸುಟ್ಟಂತೆ ತೋರುತ್ತಿರಲು ಮಗ್ಗುಲ ಗದ್ದೆಯು ಹಸುರಾಗಿರುವುದನ್ನು ರೈತರು ಕಂಡೇ ಇರುವರು. ದೃಷ್ಟಿ ತಗಲಿತೆಂದು ಭಾವಿಸಲು ಕಾರಣವಿಲ್ಲ. ಕೆಲವು ತಳಿಗಳು ಶತ್ರುವನ್ನು ಬೇಗನೆ ಗುರುತಿಸುವುವು, ಕೆಲವು ಗುರುತಿಸಲಾರವು.

ಪೈರಿನ ಜೀವಕಣಗಳ ಹೊರಪೊರೆಯಲ್ಲಿ ಕಾವಲುಗಾರರಂತಹ ಪ್ರೋಟೀನುಗಳಿರುವುವು. ಬೂಷ್ಟಿನ ಮೈಗೋಡೆಯಲ್ಲಿ ಕೈಟಿನ್ ಎಂಬ ವಸ್ತುವುಂಟು. ಏಡಿ ಸಿಗಡಿಗಳ ಚಿಪ್ಪಿನಲ್ಲಿರುವುದೂ ಇದೇ. ಇದರ ತುಣುಕನ್ನು ಹಿಡಿಯುವ ಸೆಬಿಪ್ ಎಂಬ ಪ್ರೋಟೀನನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ಭತ್ತದಲ್ಲಿ ಗುರುತಿಸಿದರು. ಅದರ ಜೊತೆಗಾರನಾದ ಸೆರ್ಕ್-1 ಎಂಬುದು ಸುದ್ದಿಯನ್ನು ಒಳಕ್ಕೆ ದಾಟಿಸುವುದು. ನೆರೆ ಬಂದುದನ್ನು ಕಂಡವನ ಕೂಗು ಮನೆಯಿಂದ ಮನೆಗೆ ದಾಟಿ ಊರೆಲ್ಲ ಎಚ್ಚರಗೊಳ್ಳುವಂತೆ, ಒಂದು ಪ್ರೋಟೀನು ಮತ್ತೊಂದನ್ನು ಎಚ್ಚರಿಸುತ್ತ ಸುದ್ದಿಯು ಜೀವಕಣದ ಕೇಂದ್ರವನ್ನು ಮುಟ್ಟುವುದು. ಆಗ ಪೈರು ತನ್ನ ಗೋಡೆಗಳನ್ನು ಬಲಪಡಿಸಿ, ಬೂಷ್ಟಿಗೆ ವಿಷವಾದ ರಸಗಳನ್ನು ತಯಾರಿಸುವುದು.

ಆದರೆ ಬೂಷ್ಟು ಸಹ ಉಪಾಯವುಳ್ಳದ್ದು. ಅದು ತನ್ನ ಪ್ರೋಟೀನುಗಳನ್ನು ಹೊರಸೂಸಿ ಕೈಟಿನಿನ ತುಣುಕುಗಳನ್ನು ಮರೆಮಾಡುವುದು. ಇಂತಹ ವಂಚನೆಯನ್ನು ಪತ್ತೆಮಾಡಲು ಕೆಲವು ತಳಿಗಳಲ್ಲಿ ಎರಡನೆಯ ಕಾವಲು ಜೀವಕಣದೊಳಗಿರುವುದು. ಇವುಗಳಲ್ಲಿ ಪೈ-ಟಾ ಎಂಬುದು 928 ಕೊಂಡಿಗಳ ಸರಪಣಿ. ಅದರ 918ನೆಯ ಕೊಂಡಿಯೊಂದು ಬದಲಾದರೆ ಕಾವಲು ಕೆಡುವುದೆಂದು 2000ದಲ್ಲಿ ತಿಳಿದುಬಂದಿತು. ಈ ಕಾವಲು ಎಚ್ಚೆತ್ತರೆ ರೋಗ ತಗಲಿದ ಕಣಗಳು ತಾವೇ ಸತ್ತು, ಬೂಷ್ಟಿಗೆ ಮುಂದುವರಿಯಲು ದಾರಿಯಿಲ್ಲದಂತೆ ಮಾಡುವುವು.

ಬೂಷ್ಟು ತನ್ನ ರೂಪವನ್ನು ಸ್ವಲ್ಪ ಮಾರ್ಪಡಿಸಿಕೊಂಡರೆ ಒಂದೇ ಕಾವಲನ್ನು ಸುಲಭವಾಗಿ ತಪ್ಪಿಸಿಕೊಳ್ಳಬಲ್ಲದು. ಆದುದರಿಂದಲೇ ರೋಗನಿರೋಧಕವೆಂದು ಹೆಸರಾದ ತಳಿಯು ಕೆಲವು ವರ್ಷಗಳಲ್ಲಿ ಸೋಲುವುದುಂಟು. ಭತ್ತದ ಮತ್ತೊಂದು ರೋಗವಾದ ದುಂಡಾಣು ಎಲೆ ಒಣಗುವ ರೋಗಕ್ಕೆ ಹೈದರಾಬಾದಿನ ವಿಜ್ಞಾನಿಗಳು ಒಂದರ ಬದಲು ಮೂರು ನಿರೋಧಕ ಗುಣಗಳನ್ನು ಕೂಡಿಸಿ, ಸುಧಾರಿತ ಸಾಂಬಾ ಮಸೂರಿ ತಳಿಯನ್ನು 2008ರಲ್ಲಿ ಹೊರತಂದುದು ಈ ಕಾರಣದಿಂದಲೇ.

ಆದುದರಿಂದ ಭೂಮಾಲಿಕರೂ ಗ್ರಾಮದ ಮುಖಂಡರೂ ಗಮನಿಸತಕ್ಕ ವಿಷಯಗಳು:

1. ಇಡೀ ಬೈಲಿಗೆ ಒಂದೇ ತಳಿಯನ್ನು ಹಾಕಬಾರದು. ಎರಡು ಮೂರು ತಳಿಗಳಿದ್ದರೆ ರೋಗವು ಒಮ್ಮೆಗೇ ಎಲ್ಲವನ್ನೂ ಮುಟ್ಟಲಾರದು. ಹಳೆಯ ತಳಿಗಳ ಬೀಜವನ್ನು ಕಳೆದುಕೊಳ್ಳಬಾರದು. ಕಾಸರಗೋಡು ಜಿಲ್ಲೆಯ ನೆಟ್ಟಣಿಗೆಯ ಸತ್ಯನಾರಾಯಣ ಬೆಳೇರಿಯವರು 650ಕ್ಕೂ ಹೆಚ್ಚು ತಳಿಗಳನ್ನು ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದರು.

2. ಯೂರಿಯವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡತಕ್ಕದ್ದು. ಸಾರಜನಕವು ಮಿತಿಮೀರಿದರೆ ಎಲೆಯು ಮೃದುವಾಗಿ ಕಾವಲು ಸಡಿಲವಾಗುವುದು. ಮಚ್ಚೆಗಳು ಕಂಡೊಡನೆ ಮೇಲುಗೊಬ್ಬರವನ್ನು ನಿಲ್ಲಿಸಬೇಕು.

3. ಭತ್ತದ ಉಮಿಯ ಬೂದಿಯನ್ನು ಗದ್ದೆಗೆ ಸೇರಿಸುವುದು ಒಳ್ಳೆಯದು. ಅದರಲ್ಲಿರುವ ಸಿಲಿಕವು ಎಲೆಯನ್ನು ಗಡುಸಾಗಿಸುವುದು.

4. ರೋಗ ತಗಲಿದ ಗದ್ದೆಯಿಂದ ಬೀಜವನ್ನು ತೆಗೆಯಬಾರದು. ಅಲ್ಲಿಯ ಹುಲ್ಲನ್ನು ಸಸಿಮಡಿಯ ಬಳಿ ಒಟ್ಟಬಾರದು.

5. ಊರಿನ ಮಣ್ಣಿಗೆ ಒಪ್ಪುವ ನಿರೋಧಕ ತಳಿ ಯಾವುದೆಂಬುದನ್ನು ಬಿತ್ತನೆಗೆ ಮುಂಚೆಯೇ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸತಕ್ಕದ್ದು.

ಪೈರಿಗೆ ತನ್ನ ಕಾವಲು ತನ್ನಲ್ಲಿಯೇ ಉಂಟು. ಅದನ್ನು ಕೆಡಿಸದೆ ಕಾಪಾಡುವುದು ಬೆಳೆಗಾರನ ಕರ್ತವ್ಯ. ಒಬ್ಬನಿಂದಾಗದ ಈ ಕೆಲಸವು ಬೈಲಿನವರೆಲ್ಲರೂ ಒಮ್ಮತದಿಂದ ನಡೆದರೆ ಸುಲಭವಾಗುವುದು.