ತೀರ್ಪಿನ ಎರಡನೆಯ ಪ್ರಶ್ನೆ

ಕೊಲೆಯ ಮೊಕದ್ದಮೆಯೊಂದು ನ್ಯಾಯಾಲಯಕ್ಕೆ ಬಂದಾಗ ಎರಡು ಪ್ರಶ್ನೆಗಳು ಏಳುತ್ತವೆ. ಆರೋಪಿಯು ಆ ಕೃತ್ಯವನ್ನು ಎಸಗಿದನೆ ಎಂಬುದು ಮೊದಲನೆಯದು. ಎಸಗಿದ್ದರೆ ಅವನಿಗೆ ವಿಧಿಸತಕ್ಕ ಶಿಕ್ಷೆ ಯಾವುದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಸಾಕ್ಷ್ಯಗಳು ಉತ್ತರ ಕೊಡುತ್ತವೆ. ಎರಡನೆಯದಕ್ಕೆ ಉತ್ತರ ಹೇಳಬೇಕಾದರೆ ಕೃತ್ಯವನ್ನು ನೋಡಿದರಷ್ಟೇ ಸಾಲದು. ಅದನ್ನು ಮಾಡಿದ ಮನುಷ್ಯನನ್ನೂ ನೋಡಬೇಕು. ಅವನ ವಯಸ್ಸು, ಮನಃಸ್ಥಿತಿ, ಬೆಳೆದ ಪರಿಸರ, ಮುಂದೆ ತಿದ್ದಿಕೊಳ್ಳುವ ಸಾಧ್ಯತೆ ಮೊದಲಾದವು ಶಿಕ್ಷೆಯ ಕಠೋರತೆಯನ್ನು ಕಡಿಮೆ ಮಾಡಲು ಆಧಾರವಾಗಬಹುದು. ಇವನ್ನು ಶಿಕ್ಷೆಯನ್ನು ತಗ್ಗಿಸುವ ಸಂದರ್ಭಗಳೆಂದು ಕರೆಯುತ್ತಾರೆ. ಆರೋಪಿಯು ತಾನೇ ತಪ್ಪನ್ನು ಒಪ್ಪಿಕೊಂಡರೆ ಉಳಿಯುವುದು ಎರಡನೆಯ ಪ್ರಶ್ನೆಯೊಂದೇ. ಅದು ಎಷ್ಟು ಕಠಿನವಾದುದೆಂಬುದನ್ನು 1924ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ನಡೆದ ವಿಚಾರಣೆಯೊಂದು ತೋರಿಸಿಕೊಟ್ಟಿತು.

ಆ ವರ್ಷದ ಮೇ 21ರಂದು ಬಾಬಿ ಫ್ರಾಂಕ್ಸ್ ಎಂಬ 14 ವರ್ಷದ ಬಾಲಕನು ಮನೆಗೆ ಮರಳುವ ದಾರಿಯಲ್ಲಿ ಅಪಹೃತನಾಗಿ ಕೊಲೆಯಾದನು. ಮರುದಿನ ಊರಾಚೆಯ ಮೋರಿಯೊಂದರಲ್ಲಿ ಅವನ ಶವ ದೊರೆಯಿತು. ಅದರ ಸಮೀಪದಲ್ಲಿ ಒಂದು ಕನ್ನಡಕವೂ ಬಿದ್ದಿತ್ತು. ಅದರ ಕೀಲು ಅಪರೂಪದ ಬಗೆಯದು. ಷಿಕಾಗೋ ನಗರದಲ್ಲಿ ಅಂಥ ಕನ್ನಡಕಗಳು ಮೂರೇ ಮಾರಾಟವಾಗಿದ್ದವು. ಆ ಜಾಡನ್ನು ಹಿಡಿದು ಹೊರಟ ಪೊಲೀಸರು 19 ವರ್ಷದ ನೇಥನ್ ಲಿಯೊಪೋಲ್ಡ್ ಮತ್ತು ಅವನ ಗೆಳೆಯನಾದ 18 ವರ್ಷದ ರಿಚರ್ಡ್ ಲೋಬ್ ಎಂಬವರನ್ನು ತಲಪಿದರು. ಇಬ್ಬರೂ ಸಿರಿವಂತರ ಮಕ್ಕಳು, ವಯಸ್ಸಿಗೆ ಮೀರಿದ ವಿದ್ಯಾವಂತರು. ಹಗೆಯಾಗಲಿ ಬಡತನವಾಗಲಿ ಅವರನ್ನು ಈ ಕೃತ್ಯಕ್ಕೆ ಪ್ರೇರಿಸಿರಲಿಲ್ಲ. ಯಾರ ಕೈಗೂ ಸಿಕ್ಕದಂತೆ ಅಪರಾಧವೆಸಗಬಲ್ಲೆವೆಂಬ ಅಹಂಕಾರವೇ ಒಂದು ಎಳೆಯ ಜೀವವನ್ನು ಬಲಿ ತೆಗೆದುಕೊಂಡಿತ್ತು. ನಗರವೆಲ್ಲ ಅವರನ್ನು ಗಲ್ಲಿಗೇರಿಸಬೇಕೆಂದು ಕೂಗಿದುದರಲ್ಲಿ ಆಶ್ಚರ್ಯವೇನಿದೆ?

ಅವರ ಪರವಾಗಿ ನಿಂತವರು ಮರಣದಂಡನೆಯ ಕಡುವಿರೋಧಿಯಾಗಿದ್ದ ಪ್ರಸಿದ್ಧ ವಕೀಲ ಕ್ಲಾರೆನ್ಸ್ ಡ್ಯಾರೊ. ಜುಲೈ 21ರಂದು ಅವರು ಎಲ್ಲರೂ ಬೆರಗಾಗುವಂತೆ ತಮ್ಮ ಕಕ್ಷಿಗಾರರಿಂದ ತಪ್ಪೊಪ್ಪಿಗೆ ಮಾಡಿಸಿದರು. ಇದಕ್ಕೆ ಕಾರಣವಿತ್ತು. ತಪ್ಪನ್ನು ಅಲ್ಲಗಳೆದಿದ್ದರೆ ಮೊಕದ್ದಮೆಯು ಹನ್ನೆರಡು ಮಂದಿ ನಾಗರಿಕರ ಜ್ಯೂರಿಯ ಮುಂದೆ ಹೋಗುತ್ತಿತ್ತು. ಒಪ್ಪಿಕೊಂಡುದರಿಂದ ಶಿಕ್ಷೆಯ ನಿರ್ಣಯವು ನ್ಯಾಯಾಧೀಶ ಜಾನ್ ಕ್ಯಾವರ್ಲಿ ಅವರೊಬ್ಬರ ಪಾಲಿಗೆ ಬಂದಿತು. ಹನ್ನೆರಡು ಮಂದಿಯಲ್ಲಿ ಹಂಚಿಹೋಗುವ ಹೊಣೆಯನ್ನು ಒಬ್ಬನೇ ಹೊರಬೇಕಾದಾಗ ಮರಣದಂಡನೆಯ ಮಾತು ಸುಲಭವಾಗಿ ಬಾಯಿಂದ ಹೊರಡುವುದಿಲ್ಲವೆಂಬುದನ್ನು ಡ್ಯಾರೊ ಬಲ್ಲವರಾಗಿದ್ದರು.

ಸರ್ಕಾರದ ಪರ ವಕೀಲ ರಾಬರ್ಟ್ ಕ್ರೋ ಗಲ್ಲುಶಿಕ್ಷೆಯನ್ನೇ ಕೋರಿದರು. ಕೊಲೆಯು ಬಹುಕಾಲದ ಸಿದ್ಧತೆಯಿಂದ ನಡೆದುದು, ಸತ್ತವನೂ ಬಾಲಕನೇ, ಅವನಿಗೆ ಯಾರೂ ಕನಿಕರ ತೋರಲಿಲ್ಲ. ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಡ್ಯಾರೊ ಅವರೂ ಕೃತ್ಯವನ್ನು ಸಮರ್ಥಿಸಲಿಲ್ಲ. ಮನೋವೈದ್ಯರ ಸಾಕ್ಷ್ಯವನ್ನು ಮುಂದಿಟ್ಟು, ಯುವಕರ ಬುದ್ಧಿ ಬೆಳೆದಿದ್ದರೂ ಹೃದಯ ಬೆಳೆದಿಲ್ಲವೆಂದು ವಾದಿಸಿದರು. ಅವರ ಎಳೆತನವನ್ನು ಗಮನಿಸಬೇಕೆಂದು ಬೇಡಿದರು.

ಸೆಪ್ಟೆಂಬರ್ 10ರಂದು ತೀರ್ಪು ಹೊರಬಿದ್ದಿತು. ಕೊಲೆಗೆ ಜೀವಾವಧಿ ಶಿಕ್ಷೆ, ಅಪಹರಣಕ್ಕೆ 99 ವರ್ಷಗಳ ಸೆರೆವಾಸ. ಇಲ್ಲಿ ಗಮನಿಸಬೇಕಾದುದು ಶಿಕ್ಷೆಗಿಂತಲೂ ಅದಕ್ಕೆ ಕೊಟ್ಟ ಕಾರಣ. ತಪ್ಪೊಪ್ಪಿಗೆಯನ್ನು ನ್ಯಾಯಾಧೀಶರು ವಿಶೇಷ ರಿಯಾಯಿತಿಗೆ ಆಧಾರವೆಂದು ಎಣಿಸಲಿಲ್ಲ. ಸರ್ಕಾರದ ಬಳಿ ಸಾಕಷ್ಟು ಸಾಕ್ಷ್ಯ ಮೊದಲೇ ಇತ್ತು. ಮನೋವೈದ್ಯರ ಮಾತೂ ಅವರ ನಿರ್ಧಾರವನ್ನು ಬದಲಿಸಲಿಲ್ಲ. ಅವರು ಮನ್ನಿಸಿದ್ದು ಅಪರಾಧಿಗಳ ಕಿರಿಯ ವಯಸ್ಸನ್ನು. ಇಂಥ ಅಪರಾಧಿಗಳಿಗೆ ದೀರ್ಘಕಾಲದ ಸೆರೆಯೇ ಹೆಚ್ಚು ಕಠಿನ ಶಿಕ್ಷೆಯಾಗಬಹುದೆಂದೂ ಅವರು ಹೇಳಿದರು. ಆದುದರಿಂದ ಈ ತೀರ್ಪು ಕ್ಷಮಾಪಣೆಯಲ್ಲ. ಅಪರಾಧದ ಘೋರತೆಯನ್ನು ಅದು ಎಳ್ಳಷ್ಟೂ ಅಲ್ಲಗಳೆಯಲಿಲ್ಲ.

ಲೋಬ್ 1936ರಲ್ಲಿ ಸೆರೆಮನೆಯಲ್ಲಿಯೇ ಸಹಕೈದಿಯೊಬ್ಬನಿಂದ ಹತನಾದನು. ಲಿಯೊಪೋಲ್ಡ್ ಸೆರೆಯಲ್ಲಿ ಇತರ ಕೈದಿಗಳಿಗೆ ಪಾಠ ಹೇಳಿದನು. 1958ರಲ್ಲಿ ಷರತ್ತಿನ ಮೇಲೆ ಬಿಡುಗಡೆ ಹೊಂದಿ, ಪೋರ್ಟೊರಿಕೋ ದ್ವೀಪದ ಆಸ್ಪತ್ರೆಯೊಂದರಲ್ಲಿ ದುಡಿದು, 1971ರಲ್ಲಿ ತೀರಿಕೊಂಡನು. ಗಲ್ಲಿಗೇರಿಸಿದ್ದರೆ ಈ ಎರಡನೆಯ ಬಾಳಿಗೆ ಎಡೆಯಿರುತ್ತಿರಲಿಲ್ಲ. ಆದರೆ ಬಾಬಿ ಫ್ರಾಂಕ್ಸನಿಗೆ ಅಂಥ ಅವಕಾಶ ದೊರೆಯಲಿಲ್ಲವೆಂಬುದನ್ನೂ ಮರೆಯಲಾಗದು.

ನಮ್ಮ ದೇಶದ ಕಾನೂನೂ ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕಾಣುತ್ತದೆ. ಅಪರಾಧ ಸಿದ್ಧವಾದ ಅನಂತರ ಶಿಕ್ಷೆಯ ವಿಷಯದಲ್ಲಿ ಅಪರಾಧಿಯ ಮಾತನ್ನು ಕೇಳಬೇಕೆಂಬ ನಿಯಮವನ್ನು 1973ರ ದಂಡಪ್ರಕ್ರಿಯಾ ಸಂಹಿತೆ ತಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಬಚನ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ, ಕೊಲೆಗೆ ಜೀವಾವಧಿ ಶಿಕ್ಷೆಯೇ ನಿಯಮ, ಮರಣದಂಡನೆಯು ಅಪರೂಪದಲ್ಲಿ ಅಪರೂಪವಾದ ಪ್ರಕರಣಗಳಿಗೆ ಮಾತ್ರ ಮೀಸಲು ಎಂದು ಸಾರಿತು. ಅಪರಾಧಿಯ ವಯಸ್ಸು, ಅವನು ತಿದ್ದಿಕೊಳ್ಳುವ ಸಾಧ್ಯತೆ ಮುಂತಾದವನ್ನು ತೂಗಿನೋಡಬೇಕೆಂದೂ ತಿಳಿಸಿತು.

ನ್ಯಾಯದ ತಕ್ಕಡಿಯ ಒಂದು ತಟ್ಟೆಯಲ್ಲಿ ಸತ್ತವನ ಜೀವ, ಅವನವರ ಕಣ್ಣೀರು. ಇನ್ನೊಂದರಲ್ಲಿ ಅಪರಾಧಿಯ ವಯಸ್ಸು, ಅವನ ನಾಳೆ. ಯಾವ ತಟ್ಟೆಯನ್ನೂ ಬರಿದಾಗಿ ಬಿಡದೆ ತೂಗುವುದೇ ನ್ಯಾಯ. ಗುಂಪಿನ ಕೋಪಕ್ಕೆ ಇಷ್ಟು ತಾಳ್ಮೆಯಿರುವುದಿಲ್ಲ. ಅದಕ್ಕಾಗಿಯೇ ಸಮಾಜವು ಈ ಕೆಲಸವನ್ನು ನ್ಯಾಯಾಲಯಕ್ಕೆ ಒಪ್ಪಿಸಿದೆ.