ಹೊಸ ಕಾರು ಯಾಕೆ ನಿಂತಿತು?



ನಮ್ಮ ಚಿಕ್ಕಪ್ಪನ ಹೊಸ ಕಾರನ್ನು ನೀವೆಲ್ಲ ನೋಡಿದ್ದೀರಿ. 2024ರ ಆಯುಧಪೂಜೆಗೆ ಅದು ಊರಿಗೆ ಬಂದಾಗ ನಮ್ಮ ಶಾಲೆಯ ಅರ್ಧ ಮಕ್ಕಳು ಅದರ ಹಿಂದೆ ಓಡಿದ್ದರು. ಬಿಳಿ ಬಣ್ಣ, ಹಳದಿ ನಂಬರ್ ಪ್ಲೇಟು. ಹಳದಿ ಪ್ಲೇಟು ಅಂದರೆ ಬಾಡಿಗೆಗೆ ಓಡುವ ಗಾಡಿ ಅಂತ ಅರ್ಥ. ಚಿಕ್ಕಪ್ಪ ಬ್ಯಾಂಕಿನಲ್ಲಿ ಸಾಲ ಮಾಡಿ ಅದನ್ನು ತಂದಿದ್ದು. ಗಾಡಿ ಓಡಿದರೆ ಮಾತ್ರ ಕಂತು ಕಟ್ಟಬಹುದು.

ಆ ಕಾರು ಬಂದ ಒಂಬತ್ತನೇ ದಿನಕ್ಕೇ ನಿಂತುಹೋಯಿತು. ಹೊಸ ಕಾರು ಯಾಕೆ ಕೆಡುತ್ತದೆ, ಕೆಟ್ಟರೆ ಏನು ನೋಡಬೇಕು ಅನ್ನುವುದನ್ನು ನಾನು ಆವತ್ತಿನಿಂದ ಕಲಿತೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಆವತ್ತು ನಮ್ಮ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಇತ್ತು. ಬೆಳಗ್ಗೆ ಎಂಟು ಗಂಟೆಗೆ ಆಸ್ಪತ್ರೆಯಲ್ಲಿ ಇರಬೇಕು ಅಂದಿದ್ದರು. ಐದೂವರೆಗೆ ಚಿಕ್ಕಪ್ಪ ಬೀಗದ ಕೈ ತಿರುಗಿಸಿದರೆ ‘ಟಕ್ ಟಕ್ ಟಕ್ ಟಕ್’ ಅಂತ ಸದ್ದು ಬಂತು, ಇಂಜಿನ್ ಸ್ಟಾರ್ಟ್ ಆಗಲಿಲ್ಲ. ಹತ್ತು ಸಲ ತಿರುಗಿಸಿದರೂ ಅಷ್ಟೇ. ಸುತ್ತಮುತ್ತಲವರು ಸೇರಿದರು. ಒಬ್ಬರು "ಹೊಸ ಗಾಡಿ ಅಲ್ವಾ, ಕಣ್ಣು ಬಿದ್ದೈತೆ, ನಿಂಬೆಹಣ್ಣು ಕಟ್ಟಪ್ಪ" ಅಂದರು. ಇನ್ನೊಬ್ಬರು "ಪೆಟ್ರೋಲ್ ಸರಿ ಇಲ್ಲ" ಅಂದರು. ಎಲ್ಲ ಸೇರಿ ದೇವಸ್ಥಾನದ ತನಕ ತಳ್ಳಿದರು. ಆಗಲೂ ಸ್ಟಾರ್ಟ್ ಆಗಲಿಲ್ಲ. ಮೊದಲ ಬಸ್ಸು ಬರುವುದೇ ಎಂಟು ಗಂಟೆಗೆ. ಅಜ್ಜಿಯ ಪಾಳಿ ತಪ್ಪಿಹೋಯಿತು. ಆಸ್ಪತ್ರೆಯವರು ಎರಡು ವಾರ ಬಿಟ್ಟು ಬನ್ನಿ ಅಂದರು.

ಕಂಪನಿ ಕಡೆಯ ಮೆಕ್ಯಾನಿಕ್ ಅಣ್ಣ ಹತ್ತೂವರೆಗೆ ಬೈಕಿನಲ್ಲಿ ಬಂದರು. ಅವರು ಪೆಟ್ಟಿಗೆ ತೆಗೆಯುವ ಮೊದಲು "ನಿನ್ನೆಯಿಂದ ಗಾಡಿಗೆ ಏನೇನು ಆಯ್ತು? ಯಾರ್ಯಾರು ಮುಟ್ಟಿದ್ರು?" ಅಂತ ಕೇಳಿದರು. ಚಿಕ್ಕಪ್ಪ "ಯಾರೂ ಮುಟ್ಟಿಲ್ಲ" ಅಂದರು. ನಾನು ಕಂಬದ ಹಿಂದೆ ನಿಂತಿದ್ದೆ.

ಆ ಅಣ್ಣ ಮೀಟರಿನ ಕೆಂಪು ಮತ್ತು ಕಪ್ಪು ಕಡ್ಡಿಗಳನ್ನು ಬ್ಯಾಟರಿಗೆ ಇಟ್ಟರು. ಮೀಟರಿನಲ್ಲಿ 10.9 ಅಂತ ಬಂತು. ಕಾರಿನ ಬ್ಯಾಟರಿಗೆ 12 ವೋಲ್ಟ್ ಅನ್ನುತ್ತಾರೆ. ಆದರೆ ಅದರೊಳಗೆ ಆರು ಕೋಶಗಳಿರುತ್ತವೆ. ಒಂದೊಂದಕ್ಕೆ ಸುಮಾರು 2.1 ವೋಲ್ಟ್. ಆರನ್ನು ಸೇರಿಸಿದರೆ 12.6. ತುಂಬಿದ ಬ್ಯಾಟರಿ ಸುಮ್ಮನೆ ಇದ್ದಾಗ ಇಷ್ಟು ತೋರಿಸಬೇಕು. ಇಂಜಿನ್ ಓಡುವಾಗ ಆಲ್ಟರ್ನೇಟರ್ ಅದನ್ನು ಚಾರ್ಜ್ ಮಾಡುವುದರಿಂದ ಸುಮಾರು 13.5ರಿಂದ 14.5 ತೋರಿಸುತ್ತದೆ. 10.9 ಅಂದರೆ ಬ್ಯಾಟರಿ ಖಾಲಿ.

ಚಿಕ್ಕಪ್ಪನಿಗೆ ಕೋಪ ಬಂತು. "ಹೊಸ ಗಾಡಿಗೆ ಹಳೇ ಬ್ಯಾಟರಿ ಹಾಕಿ ಕೊಟ್ಟಿದ್ದೀರಾ? ನಾನು ಕೇಸ್ ಹಾಕ್ತೀನಿ" ಅಂತ ಆ ಅಣ್ಣನಿಗೆ ಜೋರು ಮಾಡಿದರು. ಅವರು "ಹಾಗಾದ್ರೆ ಗಾಡಿ ವರ್ಕ್‌ಶಾಪಿಗೆ ತಗೊಂಡು ಹೋಗಿ ಎಲ್ಲ ವೈರು ನೋಡ್ಬೇಕು ಅಣ್ಣಾ. ಮೂರು ದಿನ ಆಗ್ಬಹುದು" ಅಂದರು. ಮೂರು ದಿನ ಅಂದರೆ ಮೂರು ದಿನದ ಬಾಡಿಗೆ. ಚಿಕ್ಕಪ್ಪ ತಲೆ ಮೇಲೆ ಕೈ ಇಟ್ಟುಕೊಂಡು ಜಗುಲಿ ಮೇಲೆ ಕೂತರು. ಆಗ ನನಗೆ ತಡೆಯಲು ಆಗಲಿಲ್ಲ. ಹೇಳಿಬಿಟ್ಟೆ.

ಹಿಂದಿನ ದಿನ ಸಂಜೆ ನಾಲ್ಕು ಗಂಟೆಗೆ ನಾನು ಕಾರಿನಲ್ಲಿ ಕೂತು ಡ್ರೈವರ್ ಆಟ ಆಡಿದ್ದೆ. ಸ್ಟೀರಿಂಗ್ ಪಕ್ಕದ ಕಡ್ಡಿಯನ್ನು ಒಂದು ಸುತ್ತು ತಿರುಗಿಸಿದ್ದೆ. ಇಳಿಯಲು ಬಾಗಿಲು ತೆಗೆದಾಗ ಕಾರು ‘ಟಿಂಗ್ ಟಿಂಗ್’ ಅಂತ ಕೂಗಿತು. ನನಗೆ ಹೆದರಿಕೆಯಾಗಿ ಬಾಗಿಲು ಹಾಕಿಬಿಟ್ಟೆ, ಕೂಗು ನಿಂತಿತು. ಪಾರ್ಕಿಂಗ್ ದೀಪ ಉರಿಯುತ್ತಿದೆ ಅಂತ ಅದು ಹೇಳುತ್ತಿತ್ತು. ಬಿಸಿಲಲ್ಲಿ ದೀಪ ಯಾರಿಗೂ ಕಾಣಲಿಲ್ಲ. ಆಮೇಲೆ ಚಿಕ್ಕಪ್ಪ ಕವರ್ ಹೊದಿಸಿದರು. ಬೆಳಗ್ಗೆ ಕವರ್ ತೆಗೆದವನು ನಾನೇ. ದೀಪ ಬೀಡಿ ಕಿಡಿಯ ಹಾಗೆ ಮಂಕಾಗಿ ಉರಿಯುತ್ತಿತ್ತು. ಚಿಕ್ಕಪ್ಪ ಅಜ್ಜಿಯನ್ನು ಕರೆತರಲು ಒಳಗೆ ಹೋಗಿದ್ದಾಗ ನಾನು ಕಡ್ಡಿ ತಿರುಗಿಸಿ ಅದನ್ನು ಆರಿಸಿಬಿಟ್ಟೆ.

ಚಿಕ್ಕಪ್ಪ ಕೈ ಎತ್ತಿದರು. ಅಜ್ಜಿ ಅಡ್ಡ ಬಂದು "ಹೇಳಿದ್ದಕ್ಕೇ ಹೊಡೆದ್ರೆ ಇನ್ನೊಂದ್ ಸಲ ಹೇಳ್ತಾನೇನೋ?" ಅಂದರು. ಮೆಕ್ಯಾನಿಕ್ ಅಣ್ಣ ನಕ್ಕು ನನ್ನ ಕೈಗೆ ಒಂದು ಚೀಟಿ ಕೊಟ್ಟು "ಲೆಕ್ಕ ಹಾಕೋ ನೋಡೋಣ" ಅಂದರು.

ಲೆಕ್ಕ ಹೀಗಿದೆ. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಒಂದು, ಒಟ್ಟು ಐದು ದೀಪ. ಒಂದೊಂದು 5 ವ್ಯಾಟ್, ಒಟ್ಟು 25 ವ್ಯಾಟ್. ಅದನ್ನು 12 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 2 ಆಂಪಿಯರ್. ಸಂಜೆ ನಾಲ್ಕರಿಂದ ಬೆಳಗ್ಗೆ ಐದೂವರೆಗೆ ಹದಿಮೂರೂವರೆ ಗಂಟೆ. ಗುಣಿಸಿದರೆ 27 ಆಂಪಿಯರ್-ಗಂಟೆ. ನಮ್ಮ ಕಾರಿನ ಬ್ಯಾಟರಿಯೇ 35 ಆಂಪಿಯರ್-ಗಂಟೆಯದು. ಉಳಿದಿದ್ದು ಬರೀ 8. ಸ್ಟಾರ್ಟರ್ ಮೋಟಾರಿಗೆ ಒಂದೇ ಸಲಕ್ಕೆ ನೂರು ಆಂಪಿಯರಿಗಿಂತ ಹೆಚ್ಚು ಬೇಕಾಗುತ್ತದೆ. ಅಷ್ಟನ್ನು ಎಳೆಯಲು ಹೋದಾಗ ಬ್ಯಾಟರಿ ಕುಸಿಯುತ್ತದೆ, ಸ್ವಿಚ್ಚು ಬಿಟ್ಟುಹೋಗುತ್ತದೆ, ಮತ್ತೆ ಹಿಡಿಯುತ್ತದೆ. ಅದೇ ‘ಟಕ್ ಟಕ್’ ಸದ್ದು.

ಹಿಂದಿನ ಕಾಲದಲ್ಲಿ ಗಾಡಿಗಳನ್ನು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿ ಸ್ಟಾರ್ಟ್ ಮಾಡುತ್ತಿದ್ದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಕರೆಂಟಿನ ಸ್ಟಾರ್ಟರ್ 1912ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಈಗ ಸ್ಟಾರ್ಟರ್ ಮಾತ್ರ ಅಲ್ಲ, ಪೆಟ್ರೋಲ್ ಪಂಪು, ಕಿಡಿ, ಕಂಪ್ಯೂಟರ್ ಎಲ್ಲಕ್ಕೂ ಕರೆಂಟು ಬೇಕು. ಅದಕ್ಕೇ ಬ್ಯಾಟರಿ ಪೂರ್ತಿ ಸತ್ತರೆ ಎಷ್ಟು ತಳ್ಳಿದರೂ ಹೊಸ ಕಾರು ಸ್ಟಾರ್ಟ್ ಆಗುವುದಿಲ್ಲ.

ಆ ಅಣ್ಣ ಪಕ್ಕದ ಮನೆಯವರ ಕಾರು ತರಿಸಿ ಎರಡು ದಪ್ಪ ವೈರು ಹಾಕಿದರು. ಇದಕ್ಕೆ ಒಂದು ಕ್ರಮ ಇದೆ. ಕೆಂಪು ವೈರು ಮೊದಲು ಖಾಲಿ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೆ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ವೈರು ಒಳ್ಳೆ ಬ್ಯಾಟರಿಯ ಮೈನಸ್ಸಿಗೆ, ಅದರ ಇನ್ನೊಂದು ತುದಿ ನಿಂತ ಕಾರಿನ ಇಂಜಿನ್ನಿನ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಯಾಕೆಂದರೆ ಬ್ಯಾಟರಿಯಿಂದ ಜಲಜನಕ ಅನಿಲ ಬರುತ್ತದೆ, ಹತ್ತಿರ ಕಿಡಿ ಹಾರಿದರೆ ಸಿಡಿಯಬಹುದು. ಇದನ್ನು ದೊಡ್ಡವರು ಮಾತ್ರ ಮಾಡಬೇಕು. ಎರಡು ನಿಮಿಷದಲ್ಲಿ ಕಾರು ಸ್ಟಾರ್ಟ್ ಆಯ್ತು.

ಆಮೇಲೆ ಆ ಅಣ್ಣ ಬಂದಾಗಲೆಲ್ಲ ನಾನು ಪಕ್ಕದಲ್ಲೇ ನಿಂತು ಕೇಳಿ ಬರೆದುಕೊಂಡ ವಿಷಯಗಳು ಹೀಗಿವೆ.

1. ಸ್ಟಾರ್ಟ್ ಆಗದಿದ್ದರೆ ಮೊದಲು ಕಿವಿ ಕೊಡಬೇಕು. ‘ಟಕ್ ಟಕ್’ ಅಂದು ದೀಪ ಮಂಕಾದರೆ ಬ್ಯಾಟರಿ ಅಥವಾ ಅದರ ಸಡಿಲವಾದ ತುದಿ. ದೀಪ ಜೋರಾಗಿದ್ದು ಒಂದೇ ಒಂದು ‘ಟಕ್’ ಬಂದರೆ ಸ್ಟಾರ್ಟರ್ ಕಡೆ ನೋಡಬೇಕು. ಇಂಜಿನ್ ಗಿರಗಿರ ತಿರುಗಿಯೂ ಹತ್ತದಿದ್ದರೆ ಪೆಟ್ರೋಲ್ ಅಥವಾ ಕಿಡಿ. ಸದ್ದೇ ಇಲ್ಲದಿದ್ದರೆ ಕ್ಲಚ್ ಪೂರ್ತಿ ಒತ್ತಿದ್ದೇವಾ ನೋಡಬೇಕು, ಕೆಲವು ಕಾರು ಕ್ಲಚ್ ಒತ್ತದೆ ಸ್ಟಾರ್ಟ್ ಆಗುವುದಿಲ್ಲ. ಬೀಗದ ಕೈ ಚಿತ್ರದ ದೀಪ ಮಿನುಗುತ್ತಿದ್ದರೆ ಕಾರು ಆ ಕೀಯನ್ನು ಗುರುತು ಹಿಡಿದಿಲ್ಲ ಅಂತ ಅರ್ಥ. ರಿಮೋಟು ಕೆಲಸ ಮಾಡದಿದ್ದರೆ ಅದರೊಳಗಿನ 3 ವೋಲ್ಟಿನ ಗುಂಡಿ ಸೆಲ್ಲು ಮುಗಿದಿರಬಹುದು.

2. ಒಂದೇ ಒಂದು ವಸ್ತು ಕೆಲಸ ನಿಲ್ಲಿಸಿದರೆ ಫ್ಯೂಸ್ ನೋಡಬೇಕು. ಒಂದು ದಿನ ಚಿಕ್ಕಪ್ಪನ ಮೊಬೈಲ್ ಚಾರ್ಜ್ ಆಗುವ ಸಾಕೆಟ್ ನಿಂತಿತು. ಫ್ಯೂಸ್ ಪೆಟ್ಟಿಗೆ ಮುಚ್ಚಳದಲ್ಲೇ ನಕ್ಷೆ ಇರುತ್ತದೆ. ಕೆಂಪು ಫ್ಯೂಸ್ 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಒಳಗಿನ ತಂತಿ ತುಂಡಾಗಿದ್ದರೆ ಅದೇ ಬಣ್ಣದ್ದು ಹಾಕಬೇಕು. ದೊಡ್ಡದು ಹಾಕಿದರೆ ಅಥವಾ ತಂತಿ ಸುತ್ತಿದರೆ ಫ್ಯೂಸ್ ಉಳಿಯುತ್ತದೆ, ಕಾರು ಸುಡುತ್ತದೆ.

3. ಕಾರು ಒಂದು ಪಕ್ಕಕ್ಕೆ ಎಳೆದರೆ ಮೊದಲು ಗಾಳಿ ನೋಡಬೇಕು. ನಮ್ಮ ಕಾರು ಎಡಕ್ಕೆ ಹೋಗುತ್ತಿತ್ತು. ಚಿಕ್ಕಪ್ಪ ಸ್ಟೀರಿಂಗ್ ಕೆಟ್ಟಿದೆ ಅಂದುಕೊಂಡಿದ್ದರು. ನೋಡಿದರೆ ಮುಂದಿನ ಬಲ ಚಕ್ರದಲ್ಲಿ 33, ಎಡ ಚಕ್ರದಲ್ಲಿ 24. ಎಷ್ಟು ಗಾಳಿ ಬೇಕು ಅನ್ನುವುದನ್ನು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದಿರುತ್ತಾರೆ. ಗಾಳಿ ಸರಿ ಇದ್ದೂ ಎಳೆದರೆ ಮಾತ್ರ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.

4. ಸದ್ದು ಬಂದರೆ ಯಾವಾಗ ಬರುತ್ತದೆ ಅಂತ ಬರೆದಿಡಬೇಕು. ಬ್ರೇಕ್ ಹಾಕಿದಾಗಲೋ, ತಿರುಗಿಸಿದಾಗಲೋ, ಗುಂಡಿಯಲ್ಲಿ ಇಳಿದಾಗಲೋ? ನಮ್ಮ ಕಾರಿನಲ್ಲಿ ಹಿಂದಿನಿಂದ ‘ಲೊಟಲೊಟ’ ಅನ್ನುತ್ತಿತ್ತು, ಗುಂಡಿಯಲ್ಲಿ ಮಾತ್ರ. ಡಿಕ್ಕಿಯಲ್ಲಿ ಜಾಕಿಯ ತಿರುಪು ಬಿಗಿ ಮಾಡಿರಲಿಲ್ಲ, ಅಷ್ಟೇ. ಖರ್ಚು ಸೊನ್ನೆ.

5. ಮುಂದಿನ ಫಲಕದ ದೀಪಗಳಿಗೆ ನಮ್ಮ ಸಿಗ್ನಲ್ ದೀಪದ ಹಾಗೇ ಬಣ್ಣದ ಭಾಷೆ ಇದೆ. ಹಸಿರು, ನೀಲಿ ಅಂದರೆ ಏನೋ ಒಂದು ಆನ್ ಆಗಿದೆ. ಹಳದಿ ಅಂದರೆ ಬೇಗ ತೋರಿಸಿ. ಕೆಂಪು ಅಂದರೆ ನಿಲ್ಲಿಸಿ. ಎಣ್ಣೆ ಗಿಂಡಿ ಚಿತ್ರ ಕೆಂಪಾಗಿ ಬಂದರೆ ಗಾಡಿಯನ್ನು ಪಕ್ಕಕ್ಕೆ ಹಾಕಿ ಕೂಡಲೇ ಇಂಜಿನ್ ಆಫ್ ಮಾಡಬೇಕು, ಇಲ್ಲದಿದ್ದರೆ ಇಂಜಿನ್ ಸವೆದು ಹಾಳಾಗುತ್ತದೆ. ಬಿಸಿಯ ದೀಪ ಕೆಂಪಾದರೂ ನಿಲ್ಲಿಸಬೇಕು, ಆದರೆ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬಾರದು, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಇಂಜಿನ್ ಚಿತ್ರದ ಹಳದಿ ದೀಪ ಸುಮ್ಮನೆ ಉರಿದರೆ ನಿಧಾನವಾಗಿ ವರ್ಕ್‌ಶಾಪಿಗೆ ಹೋಗಬಹುದು. ಮಿನುಗಿದರೆ ಇಂಜಿನ್ ಸರಿಯಾಗಿ ಉರಿಯುತ್ತಿಲ್ಲ, ನಿಲ್ಲಿಸುವುದೇ ಒಳ್ಳೆಯದು.

6. ಕಂಪ್ಯೂಟರ್ ಜಾಗ ಹೇಳುತ್ತದೆ, ಕಾರಣ ಹೇಳುವುದಿಲ್ಲ. ದೀಪಾವಳಿ ಆದಮೇಲೆ ನಮ್ಮ ಕಾರಿನಲ್ಲಿ ಆ ಹಳದಿ ದೀಪ ಬಂತು. ನಾನು ಮುಟ್ಟಿರಲಿಲ್ಲ, ದೇವರಾಣೆ. ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇದೆ. ಅಮೆರಿಕದಲ್ಲಿ 1996ರಿಂದ ಹೊಸ ಕಾರುಗಳಿಗೆಲ್ಲ ಅದು ಇರಲೇಬೇಕು ಅಂತ ಮಾಡಿದರು, ಈಗ ನಮ್ಮ ದೇಶದ ಹೊಸ ಕಾರುಗಳಲ್ಲೂ ಇದೆ. ಅದಕ್ಕೆ ಸ್ಕ್ಯಾನರ್ ಹಾಕಿದಾಗ ‘ಪಿ 0135’ ಅಂತ ಬಂತು. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡುವ ಸೆನ್ಸರನ್ನು ಬಿಸಿ ಮಾಡುವ ವೈರಿನ ದಾರಿಯಲ್ಲಿ ತೊಂದರೆ ಅಂತ ಅದರರ್ಥ. ಬೇರೆಯವರಾಗಿದ್ದರೆ ಸೆನ್ಸರನ್ನೇ ಬದಲಾಯಿಸುತ್ತಿದ್ದರೋ ಏನೋ. ಆ ಅಣ್ಣ ಬಾನೆಟ್ ಎತ್ತಿ ವೈರು ಹಿಡಿದುಕೊಂಡು ಹೋದರು. ಅಲ್ಲಿ ಕಡಲೆಕಾಯಿ ಸಿಪ್ಪೆ, ಇಲಿ ಹಿಕ್ಕೆ, ಹಲ್ಲಿನ ಗುರುತು! ಕಣಜದ ಪಕ್ಕ ಕಾರು ನಿಲ್ಲಿಸಿದ್ದೇ ತಪ್ಪಾಗಿತ್ತು. ಇಲಿ ಕಡಿದದ್ದಕ್ಕೆ ಸಾಮಾನ್ಯವಾಗಿ ವಾರಂಟಿ ಬರುವುದಿಲ್ಲ. ವೈರಿನ ದುಡ್ಡು ಚಿಕ್ಕಪ್ಪನೇ ಕೊಟ್ಟರು.

7. ಹೊಸ ಗಾಡಿಯ ವೈರನ್ನು ಹೊರಗಿನವರಿಂದ ಕತ್ತರಿಸಿ ಹಾರ್ನು, ದೀಪ ಹಾಕಿಸಬಾರದು. ಆಮೇಲೆ ಕಂಪನಿಯವರು ಅದನ್ನೇ ತೋರಿಸಿ ವಾರಂಟಿ ಇಲ್ಲ ಅನ್ನಬಹುದು. ಪ್ರತಿ ಸಲ ವರ್ಕ್‌ಶಾಪಿಗೆ ಹೋದಾಗ ತೊಂದರೆಯನ್ನು ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಇಟ್ಟುಕೊಳ್ಳಬೇಕು. ನಿಜವಾಗಿಯೂ ಗಾಡಿಯದೇ ದೋಷವಾಗಿದ್ದು ಅವರು ಕೇಳದಿದ್ದರೆ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು.

ಇಷ್ಟೆಲ್ಲ ಕಲಿತ ಮೇಲೆ ನನಗೆ ಒಂದು ವಿಷಯ ಗೊತ್ತಾಯಿತು. ಮೀಟರು, ಸ್ಕ್ಯಾನರು ಆಮೇಲಿನ ಮಾತು. ಏನಾಯಿತು ಅಂತ ಆದ ಹಾಗೇ ಹೇಳುವವರು ಮೊದಲು ಬೇಕು. ಬೆಳಗ್ಗೆ ಐದೂವರೆಗೇ ನಾನು "ದೀಪ ಉರೀತಿತ್ತು ಚಿಕ್ಕಪ್ಪ" ಅಂದಿದ್ದರೆ ಯಾರೂ ದೇವಸ್ಥಾನದ ತನಕ ತಳ್ಳುತ್ತಿರಲಿಲ್ಲ. ಪಕ್ಕದ ಮನೆ ಕಾರಿನಿಂದ ಸ್ಟಾರ್ಟ್ ಮಾಡಿಕೊಂಡು ಎಂಟಕ್ಕೆ ಆಸ್ಪತ್ರೆ ಸೇರಬಹುದಿತ್ತು. ಆ ಎರಡು ವಾರ ಅಜ್ಜಿ ಅಕ್ಕಿಯಲ್ಲಿ ಕಲ್ಲು ಕಾಣದೆ ಮೊರ ನನ್ನ ಕೈಗೆ ಕೊಡುತ್ತಿದ್ದರು. ಆರಿಸುವಾಗಲೆಲ್ಲ ನನಗೆ ಅದೇ ನೆನಪು.

ಈಗ ಆಪರೇಷನ್ ಆಗಿದೆ. ಅಜ್ಜಿಗೆ ಚೆನ್ನಾಗಿ ಕಾಣುತ್ತದೆ. ನಾನು ಕಾರಿನ ಹತ್ತಿರ ಹೋದರೆ ಜಗುಲಿಯಿಂದಲೇ "ಏನೋ ಮುಟ್ತಾ ಇದ್ದೀಯ?" ಅಂತ ಕೂಗುತ್ತಾರೆ.

– ಏಳನೇ ತರಗತಿ, ಕ್ರಮ ಸಂಖ್ಯೆ 14